ಯಾವ ಕಡೆ ಕೂತರೆ ಚೆನ್ನಾಗಿ ಕಾಣುತ್ತೆ

ನಮ್ಮ ಯಜಮಾನರು ಸುಬ್ಬರಾಯರು ಎಲ್ಲಿಗೆ ಹೊರಟರೂ ಮೊದಲು ಕೇಳುವ ಪ್ರಶ್ನೆ ಒಂದೇ: ‘ಯಾವ ಕಡೆ ಕೂತರೆ ಚೆನ್ನಾಗಿ ಕಾಣುತ್ತೆ?’ ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ರಾಮನಗರದ ಬಂಡೆಗಳು ಯಾವ ಬದಿಗೆ ಬರುತ್ತವೆ, ಊಟಿ ಬಸ್ಸಿನಲ್ಲಿ ಬೆಳಗಿನ ಬಿಸಿಲು ಯಾವ ಕೆನ್ನೆಗೆ ಬೀಳುತ್ತದೆ, ಎಲ್ಲ ಇವರಿಗೆ ಬಾಯಿಪಾಠ. ಮದುವೆ ಮನೆಯಲ್ಲಿ ಊಟಕ್ಕೆ ಕೂರುವಾಗಲೂ ಹೋಳಿಗೆ ಬಡಿಸುವವನು ಯಾವ ತುದಿಯಿಂದ ಬರುತ್ತಾನೆ ಎಂದು ನೋಡಿಕೊಂಡೇ ಎಲೆಯ ಮುಂದೆ ಕೂರುತ್ತಾರೆ. ನಮ್ಮ ಮದುವೆಯಾದ ಹೊಸದರಲ್ಲಿ ಊಟಿಗೆ ಹೋಗಿದ್ದೆವು. ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ಉರುಳುತ್ತಿರುವಾಗಲೇ ಇವರು ಪಕ್ಕದಲ್ಲಿ ಓಡುತ್ತಾ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದರು. ಮೈತುಂಬ ರೇಷ್ಮೆ ಸುತ್ತಿಕೊಂಡಿದ್ದ ನಾನು ನಾಚಿಕೆ ತಡೆಯಲಾರದೆ ಬೇರೆ ಯಾರದೋ ಹೆಂಡತಿಯ ಹಾಗೆ ದೂರ ನಿಂತಿದ್ದೆ.

ಇಂಥವರನ್ನು ಕಟ್ಟಿಕೊಂಡು ನಾನು ಈ ಚಳಿಗಾಲದಲ್ಲಿ ಹಡಗು ಹತ್ತಿದೆ. ದೋಹಾ ಬಂದರಿನಿಂದ ಹೊರಟು, ಒಮಾನ್ ದೇಶದ ಮುಸಂದಮ್ ತುದಿಯನ್ನು ತೋರಿಸಿ, ಮತ್ತೆ ದೋಹಾಗೆ ತಂದು ಬಿಡುವ ಕ್ರೂಸ್ ಅದು. ಅಲ್ಲಿ ಹುಲ್ಲುಕಡ್ಡಿಯೂ ಇಲ್ಲದ ಕಲ್ಲುಬೆಟ್ಟಗಳು ನೆಟ್ಟಗೆ ಕಡಲಿಗೆ ಇಳಿದಿವೆ. ಅವುಗಳ ಸಂದಿಯಲ್ಲಿ ನೀರು ಮೈಲಿಗಟ್ಟಲೆ ಒಳಕ್ಕೆ ನುಗ್ಗಿದೆ. ನಾರ್ವೆಯಲ್ಲಿ ಅಂಥ ಜಾಗಕ್ಕೆ ಫ್ಯೋರ್ಡ್ ಅನ್ನುತ್ತಾರಂತೆ, ಈ ಕಡೆಯವರ ಬಾಯಲ್ಲಿ ಅದು ಖೋರ್. ಕತಾರಿನಲ್ಲಿ ನಾವಿರುವ ಅಲ್ ಖೋರ್‌ಗೂ ಅದೇ ಹೆಸರಿದೆ, ಆದರೆ ನಮ್ಮಲ್ಲಿ ಎತ್ತರದ ಜಾಗ ಅಂದರೆ ಫ್ಲೈಓವರು.

ಇವರು ರಾಸ್ ಲಫ್ಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಇನ್ಸ್ಟ್ರುಮೆಂಟ್ ಎಂಜಿನಿಯರ್. ಮದುವೆಯಾದಾಗಿನಿಂದ ಬೆಳಗಾಗುವ ಮೊದಲೇ ಕಂಪನಿ ಬಸ್ಸು ಹತ್ತಿ, ಸಂಜೆ ಅದೇ ಬಸ್ಸಿನಲ್ಲಿ ಬಂದು ಇಳಿಯುವುದೇ ಇವರ ಜೀವನ. ಮಾರ್ಚಿಗೆ ಅರವತ್ತು ತುಂಬಿ ರಿಟೈರ್ ಆಗುತ್ತಾರೆ, ಅಷ್ಟಾದರೆ ಕಂಪನಿ ಮನೆಯನ್ನೂ ಬಿಡಬೇಕು. ಮೈಸೂರಿನ ದಟ್ಟಗಳ್ಳಿಯಲ್ಲಿ ಮನೆ ತಯಾರಾಗಿದೆ. ಟೆರೇಸಿನ ಯಾವ ಮೂಲೆಯಲ್ಲಿ ಕೂತರೆ ಚಾಮುಂಡಿ ಬೆಟ್ಟ ಪೂರ್ತಿ ಕಾಣುತ್ತದೆ ಎಂದು ಮೇಸ್ತ್ರಿಯ ತಲೆ ತಿಂದು, ಆ ಮೂಲೆಯಲ್ಲಿ ಕಲ್ಲುಬೆಂಚು ಹಾಕಿಸಿದ್ದಾರೆ. ‘ಕತಾರ್ ಬಿಡೋ ಮೊದಲು ಒಂದು ಸಲ ಸಮುದ್ರ ನೋಡೋಣ ಹೇಮಾ’ ಎಂದು ಈ ಟಿಕೆಟ್ ತೆಗೆದದ್ದೂ ಇವರೇ.

ಆದರೆ ನನ್ನ ಹೊಟ್ಟೆಯಲ್ಲಿ ಬೇರೊಂದು ವಿಷಯ ಕೂತಿತ್ತು. ನಾನು ಇಲ್ಲಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಆ ಸ್ಕೂಲು ಉಮ್ಮ್ ಸಲಾಲ್ ಎನ್ನುವ ಊರಿನಲ್ಲಿ ಹೊಸ ಶಾಖೆ ತೆರೆಯುತ್ತಿದೆ. ಪ್ರಿನ್ಸಿಪಾಲರು ನನ್ನನ್ನು ಕರೆದು, ಎರಡು ವರ್ಷ ಅಲ್ಲಿ ವೈಸ್ ಪ್ರಿನ್ಸಿಪಾಲ್ ಆಗಿರಿ, ಫ್ಲ್ಯಾಟ್ ಕೊಡುತ್ತೇವೆ, ನಿಮ್ಮ ಹೆಸರಿನಲ್ಲೇ ವೀಸಾ, ನಿಮ್ಮವರೂ ಅದರ ಮೇಲೆ ಇರಬಹುದು ಎಂದರು. ಭಾನುವಾರ ಸ್ಕೂಲು ತೆರೆದಾಗ ನಾನು ಉತ್ತರ ಹೇಳಬೇಕಿತ್ತು. ನಾವು ದೋಹಾಗೆ ಮರಳುವುದು ಶನಿವಾರ. ಅಷ್ಟರೊಳಗೆ ನಾನು ಇವರನ್ನು ಒಂದು ಮಾತು ಕೇಳಬೇಕು: ‘ರೀ, ಇನ್ನೆರಡು ವರ್ಷ ನನ್ನ ವೀಸಾದ ಮೇಲೆ ಇರ್ತೀರಾ?’

ಊರಿನಲ್ಲಿರುವವರಿಗೆ ಇದರಲ್ಲಿ ಏನು ಮಹಾ ಅನಿಸಬಹುದು. ಗಲ್ಫಿನಲ್ಲಿ ಇದ್ದವರಿಗೆ ಗೊತ್ತು. ಇಲ್ಲಿ ಗಂಡನ ವೀಸಾದ ಮೇಲೆ ಹೆಂಡತಿ ಇರುತ್ತಾಳೆ, ಅದು ಸೂರ್ಯ ಮೂಡಿದಷ್ಟು ಸಹಜ. ಹೆಂಡತಿಯ ವೀಸಾದ ಮೇಲೆ ಗಂಡ ಇದ್ದರೆ ಮಾತ್ರ ಅದು ಸುದ್ದಿ. ಇವರ ಜೊತೆ ಕೆಲಸದಲ್ಲಿದ್ದ ಯತಿರಾಜ್ ಎನ್ನುವವರು ನೌಕರಿ ಹೋದಮೇಲೆ ಒಂದಷ್ಟು ಕಾಲ ನರ್ಸ್ ಹೆಂಡತಿಯ ವೀಸಾದ ಮೇಲಿದ್ದರು. ಕಂಪನಿ ಬಸ್ಸಿನಲ್ಲಿ ಅವರ ಹೆಸರೇ ‘ಮಿಸೆಸ್ ಯತಿರಾಜ್’ ಆಗಿಹೋಯಿತು. ಇವರೂ ಮನೆಗೆ ಬಂದು ಅದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಾನು ಚಪಾತಿ ಲಟ್ಟಿಸುತ್ತಿದ್ದೆ, ನನಗೆ ನಗು ಬರಲಿಲ್ಲ.

ಹೀಗೆ ನಕ್ಕ ಮನುಷ್ಯನ ಹತ್ತಿರ ಇದನ್ನು ಕೇಳುವುದು ಹೇಗೆ? ನಾನು ಒಬ್ಬಳೇ ಉಳಿಯುತ್ತೇನೆ ಎನ್ನುವ ಮನಸ್ಸು ನನಗೆ ಒಂದು ಕ್ಷಣಕ್ಕೂ ಬರಲಿಲ್ಲ. ಇವರು ಇಲ್ಲದ ಮನೆಯಲ್ಲಿ ವೈಸ್ ಪ್ರಿನ್ಸಿಪಾಲ್ ಆಗಿ ನಾನು ಯಾರ ಮುಂದೆ ಜಂಬ ಕೊಚ್ಚಲಿ? ನನಗೆ ಕೆಲಸವೂ ಬೇಕಿತ್ತು, ಇವರೂ ಬೇಕಿದ್ದರು. ಆಸೆ ಅಂದರೆ ಆಸೆ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಈ ವಿಷಯವನ್ನು ನಾನು ಹೇಳಿಕೊಂಡದ್ದು ನುಸೈಬಾ ಒಬ್ಬಳ ಹತ್ತಿರ. ಅವಳು ಉಳ್ಳಾಲದವಳು, ಸ್ಕೂಲಿನಲ್ಲಿ ನನ್ನ ಪಕ್ಕದ ಮೇಜಿನವಳು, ಅವಳ ಗಂಡ ಸರ್ಫರಾಝ್ ಇವರ ಬಸ್ಸಿನಲ್ಲೇ ಪ್ಲಾಂಟಿಗೆ ಹೋಗುವುದು. ‘ಕಡಲಿನ ಮಧ್ಯ ಕೇಳಿಬಿಡಿ ಟೀಚರ್,’ ಎಂದಳು ನುಸೈಬಾ. ‘ಅಲ್ಲಿಂದ ಎದ್ದು ಹೋಗ್ಲಿಕ್ಕೆ ಅವರಿಗೆ ಜಾಗ ಎಲ್ಲಿ ಉಂಟು?’

ಎಷ್ಟು ಜಾಗ ಉಂಟು ಎಂದು ಆಮೇಲೆ ಗೊತ್ತಾಯಿತು.

ಹೊರಡುವ ಮೊದಲಿನ ವಾರಗಳಲ್ಲಿ ಇವರ ತಯಾರಿ ನೋಡಬೇಕಿತ್ತು. ಹಡಗು ಖಸಬ್ ಎನ್ನುವ ಬಂದರಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಮರದ ದೋಣಿಯಲ್ಲಿ ಖೋರ್‌ನ ಒಳಗೆ ಕರೆದುಕೊಂಡು ಹೋಗುತ್ತಾರೆ. ಆ ದೋಣಿಗೆ ಇಲ್ಲಿ ಧೋ ಅನ್ನುತ್ತಾರೆ. ಧೋದಲ್ಲಿ ಕುರ್ಚಿ ಇರುವುದಿಲ್ಲ, ಎರಡೂ ಬದಿಗೆ ಕಂಬಳಿ ಹಾಸಿ ದಿಂಬು ಇಟ್ಟಿರುತ್ತಾರೆ. ಯಾವ ಬದಿ? ಅದೇ ಪ್ರಶ್ನೆ. ಹಿಂದಿನ ವರ್ಷ ಹೋಗಿ ಬಂದಿದ್ದ ಸರ್ಫರಾಝ್ ಎಡಗಡೆ ಎಂದ. ಪ್ಲಾಂಟಿನ ಸ್ಟೋರ್ಸಿನ ಟೋನಿ ಬಲಗಡೆ ಎಂದ. ಇಬ್ಬರೂ ಬಸ್ಸಿನಲ್ಲಿ ಜಗಳವಾಡಿ, ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತಂತೆ. ಇವರು ಊಟ ಮಾಡುವಾಗಲೂ ಫೋನು ಎದುರಿಗೆ ಆನಿಸಿಕೊಂಡು ಯಾರಾರೋ ಹೋಗಿಬಂದ ವಿಡಿಯೋ ನೋಡಿದರು. ಸಾರಿನಲ್ಲಿ ಉಪ್ಪಿಲ್ಲ ಎಂದು ನಾನೇ ಹೇಳಬೇಕಾಯಿತು. ಕೊನೆಗೆ ತೀರ್ಮಾನವಾಯಿತು.

“ಎಡಗಡೆ ಕಣೇ. ಮುಂದಿನ ದಿಂಬು ಬೇಡ, ನೀರು ಹಾರುತ್ತೆ. ಮೂರನೇದು.”

“ನೀವು ಎಲ್ಲಿ ಕೂರಿಸಿದರೂ ಸರಿ, ಒಂದು ಕಡೆ ಕೂತರೆ ಸಾಕು,” ಎಂದೆ. ಅದು ಇವರ ಕಿವಿಗೆ ಬೀಳಲಿಲ್ಲ.

ಹಡಗು ಸಂಜೆ ದೋಹಾ ಬಿಟ್ಟಿತು. ನಾನು ಮೇಲಿನ ಡೆಕ್ಕಿನಲ್ಲಿ ಎರಡು ಕುರ್ಚಿ ಹಿಡಿದು, ಎರಡು ಕಾಫಿ ತಂದಿಟ್ಟುಕೊಂಡು ಕಾದೆ. ಕಾರ್ನಿಷ್ ಎನ್ನುವ ಕಡಲ ದಂಡೆಯ ರಸ್ತೆ ನಿಧಾನವಾಗಿ ಹಿಂದೆ ಸರಿಯುತ್ತಿತ್ತು. ಇಷ್ಟು ವರ್ಷ ಕಾರಿನೊಳಗೆ ಕೂತು ನೋಡಿದ ಕಟ್ಟಡಗಳು ನೀರಿನ ಮೇಲಿಂದ ಬೇರೆ ಯಾವುದೋ ಊರಿನ ಹಾಗೆ ಕಂಡವು.  ಈ ಊರನ್ನು ಬಿಡಲು ನನಗೆ ಇಷ್ಟವಿಲ್ಲ ಎನ್ನುವುದು ನನಗೇ ಪೂರ್ತಿ ಗೊತ್ತಾದದ್ದು ಆಗ.

“ರೀ, ನಿಮ್ಮ ಹತ್ರ ಒಂದು ಮಾತು...”

“ತಾಳೇ. ಮ್ಯೂಸಿಯಂ ಆ ಕಡೆಯಿಂದ ಕಾಣುತ್ತಂತೆ. ಕಾಫಿ ಎತ್ಕೊಂಡು ಬಾ.”

ಆ ಕಡೆಗೆ ಹೋದೆವು. ಅಲ್ಲಿಂದ ಹಿಂದಿನ ತುದಿಗೆ ಹೋದೆವು. ಅಲ್ಲಿಂದ ಇನ್ನೂ ಮೇಲಿನ ಡೆಕ್ಕಿಗೆ ಮೆಟ್ಟಿಲು ಹತ್ತಿದೆವು. ಇವರ ಕಾಲಿಗೆ ಚಕ್ರ ಕಟ್ಟಿದ ಹಾಗಿತ್ತು. ನನ್ನ ಕಾಫಿ ಆರಿ ನೀರಾಯಿತು, ದೋಹಾ ಬೆಳಕಿನ ಚುಕ್ಕಿಗಳಾಯಿತು, ನನ್ನ ಮಾತು ಬಾಯಲ್ಲೇ ಉಳಿಯಿತು.

ಮರುದಿನ ಇಡೀ ಬರೀ ನೀರು. ಇವತ್ತಾದರೂ ಕೇಳೋಣ ಎಂದುಕೊಂಡರೆ ಊಟದ ಮೇಜಿನಲ್ಲಿ ನಮಗೆ ಯೂಜಿನ್ ಮತ್ತು ಸ್ಟೆಲ್ಲಾ ಜೊತೆಯಾದರು. ಮಂಗಳೂರಿನವರು, ದೋಹಾ ಪಕ್ಕದ ಮುಐದರ್‌ನಲ್ಲಿ ಮನೆ. ಕನ್ನಡ ಕೇಳಿದ್ದೇ ತಟ್ಟೆ ಎತ್ತಿಕೊಂಡು ನಮ್ಮ ಮೇಜಿಗೇ ಬಂದರು. ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ನನ್ನ ವೀಸಾದ ಮೇಲೆ ಇರ್ತೀರಾ’ ಎನ್ನುವುದು ಪುಡ್ಡಿಂಗ್ ತಿನ್ನುತ್ತಾ ನಾಲ್ಕು ಜನರ ನಡುವೆ ಕೇಳುವ ಮಾತೇ? ಊಟವಾದ ಮೇಲೆ ಇವರು ಯೂಜಿನ್‌ರನ್ನು ಕರೆದುಕೊಂಡು ಡೆಕ್ಕುಗಳನ್ನು ಪರೀಕ್ಷೆ ಮಾಡಲು ಹೋದರು. ಬೆಳಿಗ್ಗೆ ಬೆಟ್ಟ ಮೊದಲು ಕಾಣುವ ಜಾಗ ಯಾವುದು ಎಂದು ನೋಡಬೇಕಿತ್ತಂತೆ.

“ಅವರು ಯಾಕೆ ಅಷ್ಟು ಓಡುದು?” ಎಂದು ಸ್ಟೆಲ್ಲಾ ಕೇಳಿದರು.

“ಹುಟ್ಟುಗುಣ,” ಎಂದೆ. ಆದರೆ ನನಗೂ ಇವರ ಓಟ ಈ ಸಲ ಸ್ವಲ್ಪ ಹೆಚ್ಚೇ ಅನಿಸಿತ್ತು.

ಖಸಬ್‌ನಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಕಟ್ಟೆಯ ಪಕ್ಕದಲ್ಲಿ ಧೋ ನಿಂತಿತ್ತು, ಕೆಂಪು ಕಂಬಳಿ, ಕೆಂಪು ದಿಂಬು. ಹತ್ತುವ ಮೊದಲು ಚಪ್ಪಲಿ ಬಿಚ್ಚಿ ಬುಟ್ಟಿಗೆ ಹಾಕಬೇಕು. ಮುಂದೆ ಹಲವು ದೇಶದ ಜನ ಸಾಲಾಗಿ, ಶಿಸ್ತಾಗಿ ನಿಂತಿದ್ದರು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದೆ. ಅಷ್ಟರಲ್ಲಿ ತಲೆಯ ಮೇಲಿಂದ ಏನೋ ಹಾರಿಹೋಯಿತು.

ಟವೆಲ್. ಎಲ್ಲರ ತಲೆಯ ಮೇಲೆ ಹಾರಿ, ದೋಣಿಯ ಎಡಗಡೆಯ ಮೂರನೇ ದಿಂಬಿನ ಮೇಲೆ ಹೋಗಿ ಬಿತ್ತು. ಗುರಿ ಒಂದಿಷ್ಟೂ ತಪ್ಪಿರಲಿಲ್ಲ.

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬರು ಬಿಳಿಯ ಅಜ್ಜಿ ಇದೇನೋ ಇಲ್ಲಿನ ಪದ್ಧತಿ ಇರಬೇಕು ಎಂದು ತಿಳಿದು ತನ್ನ ಸ್ಕಾರ್ಫ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಯೂಜಿನ್ ಬಿದ್ದು ಬಿದ್ದು ನಕ್ಕರು. “ಎಂತ ಸುಬ್ಬರಾಯರೇ, ನಮ್ಮ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ನೆನಪು ಮಾಡಿಬಿಟ್ರಲ್ಲ ಮಾರಾಯ್ರೆ!”

“ಹತ್ತಿದ ಮೇಲೆ ಹುಡುಕ್ತಾ ಕೂತ್ರೆ ಆಗುತ್ತಾ?” ಎಂದರು ಇವರು, ಗಂಭೀರವಾಗಿ.

ಸರಿ, ಎಡಗಡೆ ಮೂರನೇ ದಿಂಬು. ಕೂತೆವು. ಕಣ್ಣೆದುರಿಗೇ ಬೆಟ್ಟ, ತಲೆಯ ಮೇಲೆ ನೆರಳು. ಇವರು ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ನನ್ನ ಕಡೆ ನೋಡಿದರು. ಧೋದ ಎಂಜಿನ್ ಗುಡುಗಿತು, ಹಗ್ಗ ಬಿಚ್ಚಿದರು, ದೋಣಿ ಹಿಂದಕ್ಕೆ ಸರಿಯಿತು. ಸರಿದು, ಬಂದರಿನ ನಡುವೆ ನಿಧಾನವಾಗಿ ಅರ್ಧ ಸುತ್ತು ತಿರುಗಿತು. ಬೆಟ್ಟ ಬಲಗಡೆಗೆ ಹೋಯಿತು. ನಮ್ಮ ಕಡೆಗೆ ಬಿಸಿಲು ಬಂತು.

ಬಸ್ಸು ಹೀಗೆ ಮಾಡುವುದಿಲ್ಲ. ಊಟಿ ಬಸ್ಸು ಸ್ಟ್ಯಾಂಡು ಬಿಟ್ಟರೆ ಊಟಿಯವರೆಗೂ ಎಡಗಡೆ ಎಡಗಡೆಯೇ. ಇಷ್ಟು ದಿನದ ವಿಡಿಯೋದಲ್ಲಿ, ಬಸ್ಸಿನ ಜಗಳದಲ್ಲಿ, ದೋಣಿ ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ ಎನ್ನುವುದು ಇವರಿಗೂ ಹೊಳೆದಿರಲಿಲ್ಲ, ಸರ್ಫರಾಝ್‌ಗೂ ಹೊಳೆದಿರಲಿಲ್ಲ, ಟೋನಿಗೂ ಹೊಳೆದಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಇವರ ಮುಖ ನೋಡಿ ಪಾಪ ಅನಿಸಿ, ಬೆನ್ನು ಸವರಿದೆ.

“ಹೋಗ್ಲಿ ಬಿಡಿ. ಇಲ್ಲೇ ಕೂರೋಣ. ನಾನೊಂದು ಮಾತು ಹೇಳ್ಬೇಕು.”

“ಬಲಗಡೆ ಜಾಗ ಇದೆ. ಏಳು, ಏಳು.”

ಎದ್ದೆವು. ಬಲಗಡೆಗೆ ಹೋದೆವು. ಕಲ್ಲಿನ ಗೋಡೆಗಳು ಹತ್ತಿರ ಬಂದವು, ಪದರ ಪದರವಾಗಿ, ಯಾರೋ ಕಂಬಳಿ ಮಡಚಿ ಒಂದರ ಮೇಲೊಂದು ಇಟ್ಟ ಹಾಗೆ. ಬುಡದಲ್ಲಿ ಬೆರಳೆಣಿಕೆಯ ಮನೆಗಳ ಒಂದು ಹಳ್ಳಿ. ಅಲ್ಲಿಗೆ ರಸ್ತೆಯೇ ಇಲ್ಲ, ಕುಡಿಯುವ ನೀರೂ ದೋಣಿಯಲ್ಲೇ ಬರಬೇಕಂತೆ. ನೀರು ಹಸಿರಾಗಿ, ಅಲುಗಾಡದೆ ಇತ್ತು. ಇಂಥ ಜಾಗದಲ್ಲಿ ಏನು ಕೇಳಿದರೂ ಮನುಷ್ಯ ಇಲ್ಲ ಅನ್ನಲಾರ ಅನಿಸಿತು.

“ರೀ...”

“ಡಾಲ್ಫಿನ್!” ಎಂದು ಯಾರೋ ಕೂಗಿದರು. ಇವರು ಎಡಗಡೆಗೆ ಓಡಿದರು. ಡಾಲ್ಫಿನ್‌ಗಳು ದೋಣಿಯ ಕೆಳಗೆ ನುಸುಳಿ ಬಲಗಡೆ ಎದ್ದವು. ಇವರು ಬಲಗಡೆಗೆ ಓಡಿಬಂದರು. ಅವು ಮುಂದೆ ಹೋದವು. ಇವರೂ ಮುಂದೆ ಹೋದರು, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ನನ್ನ ಮುಂಗೈ. ಖರ್ಜೂರದ ತಟ್ಟೆ ಹಿಡಿದು ಬರುತ್ತಿದ್ದ ದೋಣಿಯವನಿಗೆ ಡಿಕ್ಕಿ ಹೊಡೆದು, ಸಾರಿ ಕೇಳಿ, ಎರಡು ಖರ್ಜೂರ ತೆಗೆದುಕೊಂಡು, ಮತ್ತೆ ಓಡಿದೆವು. ಡಾಲ್ಫಿನ್ ನೋಡಿ ಇವರು ಚಪ್ಪಾಳೆ ತಟ್ಟಿದ ರೀತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅರವತ್ತರ ಹತ್ತಿರದ ಗಂಡಸು ಹಾಗೆ ಖುಷಿಪಡುವುದನ್ನು ನೋಡುವುದು ನನಗೆ ಇಷ್ಟ. ಇವರ ಮೇಲೆ ನನಗೆ ಕೋಪ ಬಹಳ ಹೊತ್ತು ನಿಲ್ಲುವುದಿಲ್ಲ, ಅದು ನನ್ನ ದೊಡ್ಡ ಕಷ್ಟ.

ಆದರೆ ಹೊತ್ತು ಏರುತ್ತಿತ್ತು. ಇನ್ನು ಸ್ವಲ್ಪದರಲ್ಲಿ ದೋಣಿ ಹಿಂತಿರುಗುತ್ತದೆ, ಸಂಜೆಗೆ ಹಡಗು ಹೊರಡುತ್ತದೆ. ಹಡಗಿನ ಮೇಲೆ ಯೂಜಿನ್, ಸ್ಟೆಲ್ಲಾ. ಆಮೇಲೆ ದೋಹಾ, ಆಮೇಲೆ ಭಾನುವಾರ.

ಖೋರ್‌ನ ನಡುವೆ ಒಂದು ಪುಟ್ಟ ದ್ವೀಪ ಬಂತು. ಬಂಡೆಯ ಮೇಲೆ ಕುಸಿದ ಗೋಡೆಗಳು, ಬೇರೇನಿಲ್ಲ. ಟೆಲಿಗ್ರಾಫ್ ದ್ವೀಪ ಅಂತ ಹೆಸರು. ಬ್ರಿಟಿಷರು ಕಡಲೊಳಗೆ ತಂತಿ ಎಳೆದಿದ್ದ ಕಾಲದಲ್ಲಿ ಅಲ್ಲಿ ಕೆಲವರನ್ನು ಕಾವಲಿಗೆ ಇಟ್ಟಿದ್ದರಂತೆ. ಇವರು ನನ್ನನ್ನು ದೋಣಿಯ ಮುಂದಿನ ತುದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಇದಕ್ಕಿಂತ ಒಳ್ಳೆಯ ಜಾಗ ಇಡೀ ದೋಣಿಯಲ್ಲಿ ಇಲ್ಲವಂತೆ. ಕಣ್ಣಿಗೆ ಕೈ ಅಡ್ಡ ಹಿಡಿದು ಆ ಬಂಡೆಯನ್ನು ಬಹಳ ಹೊತ್ತು ನೋಡಿದರು.

“ಪಾಪ ಕಣೇ,” ಎಂದರು. “ಸುತ್ತ ನೀರು, ಬೆಂಕಿಯಂಥ ಬಿಸಿಲು, ಮಾತಾಡೋಕೆ ಜನ ಇಲ್ಲ. ಆ ಇಂಗ್ಲಿಷಿನವನು ದಿನ ಹೇಗೆ ಕಳೀತಿದ್ದನೋ!”

ನನ್ನ ಪಿತ್ತ ನೆತ್ತಿಗೇರಿತು.

ಯಾಕೆ ಎಂದು ಆ ಕ್ಷಣಕ್ಕೆ ನನಗೂ ಪೂರ್ತಿ ಗೊತ್ತಾಗಲಿಲ್ಲ. ಯಾವುದೋ ಕಾಲದ ಯಾವನೋ ಇಂಗ್ಲಿಷಿನವನು ದಿನ ಹೇಗೆ ಕಳೆದ ಎನ್ನುವ ಚಿಂತೆ ಈ ಮನುಷ್ಯನಿಗೆ! ನಾನು ಕೈ ಬಿಡಿಸಿಕೊಂಡು ತಿರುಗಿದೆ. ದಿಂಬುಗಳ ನಡುವೆ ನಡೆದು, ಸ್ಟೆಲ್ಲಾ ಅವರ ‘ಎಂತ ಆಯ್ತು?’ ದಾಟಿ, ದೋಣಿಯ ಹಿಂದಿನ ತುದಿಗೆ ಹೋದೆ. ಅಲ್ಲಿ ಎಂಜಿನ್ನಿನ ಸದ್ದು, ಡೀಸೆಲ್ ವಾಸನೆ, ಟೀ ಕಾಯಿಸುವ ಒಲೆ, ಹಗ್ಗದ ಸುರುಳಿ. ಮುಂದೆ ಏನಿದೆ ಎಂದು ಅಲ್ಲಿಂದ ಏನೂ ಕಾಣುವುದಿಲ್ಲ. ಇಡೀ ದೋಣಿಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇರಲಿಲ್ಲ. ಹಗ್ಗದ ಸುರುಳಿಯ ಮೇಲೆ ಕೂತೆ.

ಇವರು ಬಂದರು. ಬಂದೇ ಬರುತ್ತಾರೆ ಎಂದು ಗೊತ್ತಿತ್ತು.

“ಇಲ್ಲೇನು ಕಾಣುತ್ತೆ ಹೇಮಾ? ಬಾ ಮುಂದೆ.”

“ನಾನು ಬರಲ್ಲ. ನಿಮಗೆ ಬೇಕಾದ್ರೆ ಇಲ್ಲಿ ಕೂತ್ಕೊಳ್ಳಿ. ಇಲ್ಲಾಂದ್ರೆ ಹೋಗಿ ಆ ಇಂಗ್ಲಿಷಿನವನನ್ನೇ ನೋಡ್ಕೊಳ್ಳಿ.”

ಇವರು ಒಂದು ಸಲ ಮುಂದಿನ ತುದಿಯ ಕಡೆ ನೋಡಿದರು, ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ಪ್ಯಾಂಟು ಮೇಲೆಳೆದುಕೊಂಡು ನನ್ನ ಪಕ್ಕದಲ್ಲಿ ಹಗ್ಗದ ಮೇಲೆ ಕೂತರು. ಮೂರು ದಿನದಲ್ಲಿ ಮೊದಲ ಸಲ ಈ ಮನುಷ್ಯ ನನ್ನ ಪಕ್ಕದಲ್ಲಿ ಅಲುಗಾಡದೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಇವರೇ ಶುರು ಮಾಡಿದರು.

“ನೀನು ಏನು ಹೇಳ್ಬೇಕು ಅಂತಿದ್ದೀಯ ನನಗೆ ಗೊತ್ತು.”

“ಏನು ಗೊತ್ತು?”

“ಉಮ್ಮ್ ಸಲಾಲ್. ವೈಸ್ ಪ್ರಿನ್ಸಿಪಾಲ್.”

“ಯಾರು ಹೇಳಿದ್ರು?”

“ಬಸ್ಸು,” ಎಂದರು. “ನೀನು ನುಸೈಬಾಗೆ ಹೇಳಿದೆ, ಅವಳು ಸರ್ಫರಾಝ್‌ಗೆ ಹೇಳಿದಳು. ಅವನು ಬಸ್ಸು ಹತ್ತಿದ್ದೇ ಕೈ ಕುಲುಕಿ ಕಂಗ್ರಾಟ್ಸ್ ಸಾರ್ ಅಂದ. ರಾಸ್ ಲಫ್ಫಾನ್ ಗೇಟ್ ಬರೋಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ನಾನೂ ಗೊತ್ತಿರೋನ ಹಾಗೆ ಹಲ್ಲು ಕಿರಿದೆ.”

ನಾನು ತಲೆ ಮೇಲೆ ಕೈ ಹೊತ್ತುಕೊಂಡೆ. ಆ ಬಸ್ಸಿನಲ್ಲಿ ಯಾರ ಮನೆಯ ಸುದ್ದಿಯೂ ಮುಚ್ಚಿಡಲಾಗುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. “ಗೊತ್ತಿದ್ದೂ ಯಾಕೆ ಕೇಳಲಿಲ್ಲ ನೀವು? ಇಷ್ಟು ದಿನ!”

ಇವರು ನೀರಿನ ಕಡೆ ನೋಡುತ್ತಾ ಹೇಳಿದರು. “ಹೆದರಿಕೆ ಆಯ್ತು. ‘ನೀವು ಊರಿಗೆ ಹೋಗಿ, ನಾನು ಎರಡು ವರ್ಷ ಬಿಟ್ಟು ಬರ್ತೀನಿ’ ಅಂತ ನೀನು ಹೇಳಿಬಿಟ್ರೆ? ಅಷ್ಟು ದೊಡ್ಡ ಮನೇಲಿ ನಾನೊಬ್ಬನೇ ಬೆಟ್ಟ ನೋಡ್ತಾ ಕೂರ್ಲಾ? ನೀನು ‘ರೀ’ ಅಂದಾಗಲೆಲ್ಲ ಅದನ್ನೇ ಹೇಳೋಕೆ ಬಂದೆ ಅನ್ಸಿ, ಎದ್ದು ಬೇರೆ ಕಡೆ ಹೋಗ್ತಿದ್ದೆ.”

ಅಯ್ಯೋ ನನ್ನ ದೊರೆ! ಮ್ಯೂಸಿಯಂ, ಮೆಟ್ಟಿಲು, ಡಾಲ್ಫಿನ್, ಎಲ್ಲ ಇದಕ್ಕೇನು? ಇವರನ್ನು ತಬ್ಬಿಕೊಳ್ಳಬೇಕು ಅನಿಸಿತು. ಟೀ ಕಾಯಿಸುವವನು ಎದುರಿಗೇ ಇದ್ದ, ಅದಕ್ಕೆ ಮೊಣಕೈಯಿಂದ ತಿವಿದೆ.

“ನಾನು ಹೇಳೋಕೆ ಬಂದದ್ದು ಅದಲ್ಲ. ಕೇಳೋಕೆ ಬಂದದ್ದು.” ಉಸಿರು ಎಳೆದುಕೊಂಡು ಕೇಳಿಯೇಬಿಟ್ಟೆ. “ರೀ, ನನ್ನ ವೀಸಾದ ಮೇಲೆ ಇರ್ತೀರಾ?”

ಎಂಜಿನ್ ಬಡಿದುಕೊಳ್ಳುತ್ತಿತ್ತು. ಬಸ್ಸಿನಲ್ಲಿ ‘ಮಿಸೆಸ್ ಯತಿರಾಜ್’ ಎಂದು ನಕ್ಕಿದ್ದು ಇವರಿಗೂ ನೆನಪಾಗಿರಬೇಕು, ಕಿವಿಯ ತುದಿ ಕೆಂಪಾಯಿತು.

“ಬಸ್ಸಲ್ಲಿ ಎಲ್ಲ ನಗ್ತಾರೆ,” ಎಂದರು ಕೊನೆಗೆ.

“ನಗಲಿ. ಮಾರ್ಚಿನಿಂದ ನೀವು ಆ ಬಸ್ಸಲ್ಲಿ ಇರೋದೇ ಇಲ್ವಲ್ಲ.”

ಅದಕ್ಕೆ ಸಣ್ಣಗೆ ನಕ್ಕರು. ಆಮೇಲೆ ನಗು ಹೋಯಿತು. ನಿಜವಾದ ಕಷ್ಟ ಆಗ ಹೊರಗೆ ಬಂತು. “ನಗೋದು ಬಿಡು. ನೀನು ಬೆಳಿಗ್ಗೆ ಹೋಗ್ತೀಯ, ಸಂಜೆ ಬರ್ತೀಯ. ಕೆಲಸ ಇಲ್ಲ, ಗುರುತು ಪರಿಚಯ ಇಲ್ಲದ ಬಿಲ್ಡಿಂಗು. ಹಗಲೆಲ್ಲ ಒಬ್ನೇ ಆ ಫ್ಲ್ಯಾಟಿನೊಳಗೆ ಏನ್ಮಾಡ್ಲಿ ಹೇಮಾ?”

“ನಾನೇನು ಮಾಡಿದೆನೋ ಅದನ್ನೇ,” ಎಂದೆ.

ಚುಚ್ಚಬೇಕು ಎಂದು ಹೇಳಿದ್ದಲ್ಲ. ಬಾಯಿಗೆ ಬಂತು, ಹೇಳಿದೆ. ಇವರು ಮುಖ ತಿರುಗಿಸಿ ನನ್ನನ್ನು ನೋಡಿದರು. ಕುಸಿದ ಗೋಡೆಗಳ ಆ ದ್ವೀಪ ಇವರ ಹೆಗಲಿನ ಹಿಂದೆ ದೂರ ಸರಿಯುತ್ತಿತ್ತು. ಅದನ್ನು ಇವರು ನೋಡಲಿಲ್ಲ.

“ನೀನು ಏನ್ಮಾಡ್ತಿದ್ದೆ?” ಎಂದು ಕೇಳಿದರು.

ನಮ್ಮ ಮದುವೆಯಾಗಿ ಮಗಳು ಜಾಹ್ನವಿ ಹಾಸ್ಟೆಲಿನಲ್ಲಿದ್ದು ಡಾಕ್ಟರಿಕೆ ಓದುವಷ್ಟು ವರ್ಷವಾಗಿದೆ. ಈ ಪ್ರಶ್ನೆಯನ್ನು ಇವರು ಕೇಳಿದ್ದು ಅವತ್ತು. ನನ್ನ ಕಣ್ಣು ತುಂಬಿಕೊಂಡವು. ಕೇಳಿದ್ದಕ್ಕೆ ಸಂತೋಷವೋ, ಇಷ್ಟು ವರ್ಷ ಕೇಳಲಿಲ್ಲ ಎಂಬ ದುಃಖವೋ, ಎರಡೂ ಇದ್ದವು.

ಹೇಳಿದೆ. ಮೈಸೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು ನಾನು, ತಾಳಿ ಕಟ್ಟಿಸಿಕೊಂಡು ಇವರ ವೀಸಾದ ಮೇಲೆ ಇಲ್ಲಿಗೆ ಬಂದೆ. ಆಗ ಸ್ಕೂಲಿನ ಕೆಲಸ ಇನ್ನೂ ಸಿಕ್ಕಿರಲಿಲ್ಲ, ಅಲ್ ಖೋರ್ ಪೇಟೆಯಲ್ಲಿ ಒಂದು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ ನಮ್ಮ ಮನೆ. ಬೆಳಿಗ್ಗೆ ಇವರು ಹೋದಮೇಲೆ ಪಾತ್ರೆ, ಬಟ್ಟೆ, ಅಡುಗೆ. ಎಷ್ಟು ನಿಧಾನ ಮಾಡಿದರೂ ಹೊತ್ತು ಏರುವ ಮೊದಲೇ ಮುಗಿದುಬಿಡುತ್ತಿತ್ತು. ಆಮೇಲೆ ಗೋಡೆ. ಕೆಳಗಿನ ಅಂಗಡಿಯವನು ಮಲಯಾಳಂನಲ್ಲಿ ಮಾತಾಡುವುದು ಕೇಳುತ್ತಾ, ಅರ್ಥವಾಗದಿದ್ದರೂ ಮನುಷ್ಯರ ದನಿ ಎಂದು ಬಾಗಿಲ ಹತ್ತಿರ ಕೂರುತ್ತಿದ್ದೆ. ಹೊಸ ಕ್ಯಾಲೆಂಡರಿನ ಹಿಂದೆ ಗಣಿತದ ಲೆಕ್ಕ ಹಾಕಿಕೊಂಡು ನಾನೇ ಬಿಡಿಸಿದ್ದೂ ಉಂಟು. ಮಧ್ಯಾಹ್ನ ಜಾರಿದ ಮೇಲೆ ಒಂದೇ ಕೆಲಸ, ಇವರ ಬಸ್ಸು ಕಾಯುವುದು.

“ಎಲ್ಲಿಂದ ಚೆನ್ನಾಗಿ ಕಾಣುತ್ತೆ ಅಂತ ನಾನೂ ಹುಡುಕಿದ್ದೆ,” ಎಂದೆ. “ಅಡುಗೆಮನೆ ಕಿಟಕಿಯಿಂದ ನೆಟ್ಟಗೆ ಕಾಣೋದು. ಆದ್ರೆ ಅಲ್ಲಿಂದ ಕಾಣೋಷ್ಟರಲ್ಲಿ ಬಸ್ಸು ಕಟ್ಟಡದ ಕೆಳಗೇ ಬಂದಿರೋದು. ಬೆಡ್‌ರೂಮಿನ ಕಿಟಕಿಗೆ ಎದುರು ಮನೆ ನೀರಿನ ಟ್ಯಾಂಕು ಅಡ್ಡ. ಕೊನೆಗೆ ಸಿಕ್ಕಿದ್ದು ಬಚ್ಚಲುಮನೆ. ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿ, ಆ ಸಣ್ಣ ವೆಂಟಿಲೇಟರಿಗೆ ಕಣ್ಣಿಟ್ಟರೆ, ಬಸ್ಸು ದೊಡ್ಡ ರಸ್ತೆಯ ರೌಂಡ್‌ಅಬೌಟ್ ತಿರುಗೋವಾಗಲೇ ಕಾಣೋದು. ಆಮೇಲೆ ಇಳಿದು, ಮುಖ ತೊಳೆದು, ಕುಂಕುಮ ಇಟ್ಕೊಂಡು, ಕಾಫಿಗೆ ನೀರಿಡೋಷ್ಟು ಟೈಮ್ ಸಿಗೋದು.”

ಇವರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. “ಅದಕ್ಕೇನಾ ನಾನು ಬೆಲ್ ಒತ್ತೋ ಮೊದಲೇ ನೀನು ಬಾಗಿಲು ತೆಗೀತಿದ್ದದ್ದು? ನನ್ನ ಬೂಟಿನ ಸದ್ದು ಗುರುತು ಹಿಡೀತೀಯ ಅಂತ ನಾನು ಬಸ್ಸಲ್ಲೆಲ್ಲ ಹೇಳ್ಕೊಂಡು ತಿರುಗಿದ್ದೆ.”

“ಬೂಟಂತೆ, ಬೂಟು,” ಎಂದೆ. “ಒಂದು ಸಲ ಬಕೆಟ್ ಜಾರಿ ಬಿದ್ದು ಮೊಣಕಾಲು ಊದಿಸ್ಕೊಂಡಿದ್ದೆ. ಮೆಟ್ಟಿಲಲ್ಲಿ ಎಡವಿದೆ ಅಂತ ನಿಮಗೆ ಸುಳ್ಳು ಹೇಳಿದೆ.”

ಇವರು ಸೀರೆಯ ಮೇಲಿಂದಲೇ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. ಯಾವ ಕಾಲು ಎಂದು ಗೊತ್ತಿಲ್ಲದೆ ಮೊದಲು ಒಂದರ ಮೇಲೆ ಇಟ್ಟು, ಆಮೇಲೆ ಇನ್ನೊಂದರ ಮೇಲೂ ಇಟ್ಟರು. ಟೀ ಕಾಯಿಸುವವನು ಬೇರೆ ಕಡೆ ನೋಡಿದ.

ಮುಂದಿನ ತುದಿಯಲ್ಲಿ ಮತ್ತೆ ಡಾಲ್ಫಿನ್ ಬಂದಿರಬೇಕು, ಎಲ್ಲರೂ ಕೂಗುತ್ತಿದ್ದರು. “ಸುಬ್ಬರಾಯರೇ, ಬೇಗ ಬನ್ನಿ ಮಾರಾಯ್ರೆ!” ಎಂದು ಯೂಜಿನ್ ಕರೆದರು. ಇವರು ತಿರುಗಿ ನೋಡಲೇ ಇಲ್ಲ. ನನ್ನ ಇಷ್ಟು ವರ್ಷದ ಸಂಸಾರದಲ್ಲಿ ಎಲ್ಲೋ ಏನೋ ಚೆನ್ನಾಗಿ ಕಾಣುತ್ತಿದೆ ಎಂದು ಕರೆದರೂ ಈ ಮನುಷ್ಯ ಏಳದೇ ಕೂತದ್ದನ್ನು ನಾನು ನೋಡಿದ್ದು ಇದೊಂದೇ ಸಲ. ಬೆಟ್ಟಗಳು ನಮ್ಮ ಹಿಂದೆ ಒಂದೊಂದಾಗಿ ಕೂಡಿಕೊಂಡು ನೀರಿನ ದಾರಿಯನ್ನು ಮುಚ್ಚುತ್ತಿದ್ದವು.

ಇವರು ಹಗ್ಗದ ಮೇಲೆ ನನ್ನ ಹತ್ತಿರಕ್ಕೆ ಸರಿದರು.

“ಉಮ್ಮ್ ಸಲಾಲ್ ಮನೆ ನೋಡಿದ್ದೀಯಾ?”

“ನುಸೈಬಾ ಜೊತೆ ಹೋಗಿ ನೋಡ್ಕೊಂಡು ಬಂದೆ. ಎರಡು ಬೆಡ್‌ರೂಮು.”

“ಅಲ್ಲಿ ನಿನ್ನ ಸ್ಕೂಲ್ ಬಸ್ಸು ಯಾವ ಕಿಟಕಿಯಿಂದ ಕಾಣುತ್ತೆ?”

ನನಗೆ ಗೊತ್ತಿತ್ತು. ಮನೆ ನೋಡಿದ ದಿನವೇ ಒಂದೊಂದು ಕಿಟಕಿಯನ್ನೂ ತೆಗೆದು ನೋಡಿದ್ದೆ. ಆದರೆ ನಾನು ಹೇಳಲಿಲ್ಲ. ಹುಡುಕಿಕೊಳ್ಳಲಿ.